ಎರೆಯ ಬಯಲಿನ ಕೂಡುದಾರಿ: ಆಲೂರು ಸೀಮೆಯ ಇತಿವೃತ್ತ

ಚರಿತ್ರೆಯೆಂದೊಡನೆ ನಮ್ಮ ದೃಷ್ಟಿಯು ರಾಜಧಾನಿಗಳ ಕಡೆಗೂ ದುರ್ಗಗಳ ಕಡೆಗೂ ಹೊರಳುವುದು ವಾಡಿಕೆ. ಹಂಪೆ, ಆದವಾನಿ, ಗುತ್ತಿ, ಬಳ್ಳಾರಿ ಎಂದರೆ ಕೋಟೆಕೊತ್ತಲಗಳೂ ಮುತ್ತಿಗೆಗಳೂ ಸಂಧಿಪತ್ರಗಳೂ ಕಣ್ಮುಂದೆ ಸುಳಿಯುವುವು. ಈ ನಾಲ್ಕು ಸ್ಥಳಗಳ ನಡುವಣ ಕರಿಯ ಬಯಲಿನಲ್ಲಿ, ಹೆಸರಾಂತ ದುರ್ಗವಾಗಲಿ ಅರಮನೆಯಾಗಲಿ ಇಲ್ಲದೆ, ದಾರಿಗಳು ಬಂದು ಕೂಡುವ ಒಂದೇ ಕಾರಣದಿಂದ ಊರಾಗಿ ಬಾಳಿರುವ ಆಲೂರನ್ನು ಕುರಿತು ಬರೆದವರು ವಿರಳ. ಆಲೂರಿಗೂ ಅದರ ಸುತ್ತಣ ಹಳ್ಳಿಗಳಿಗೂ ಒಂದು ಚರಿತ್ರೆಯುಂಟು. ಅದು ಅರಸರ ಚರಿತ್ರೆಯಲ್ಲ, ದಾರಿಗಳ ಚರಿತ್ರೆ. ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಅದನ್ನು ಸ್ವಲ್ಪಮಟ್ಟಿಗೆ ನಿರೂಪಿಸಲು ಯತ್ನಿಸಿರುವೆವು.

ಇಂದು ನಾವು ನಮ್ಮನ್ನು ಗಡಿನಾಡ ಕನ್ನಡಿಗರೆಂದು ಕರೆದುಕೊಳ್ಳುತ್ತೇವೆ. ಮಕ್ಕಳೂ ಆ ಮಾತನ್ನು ಹುಟ್ಟಿನಿಂದ ಬಂದುದೆಂಬಂತೆ ಆಡುವರು. ಆದರೆ ಗಡಿಯೆಂಬುದು ಈ ಸೀಮೆಗೆ ಬಂದುದು ೧೯೫೩ನೆಯ ಇಸವಿಯ ಅಕ್ಟೋಬರ್ ೧ರಂದು. ಅದಕ್ಕೆ ಮುಂಚೆ ಕನ್ನಡ ತೆಲುಗುಗಳೆರಡೂ ಈ ಬಯಲಿನಲ್ಲಿ ಒಂದೇ ಸಂತೆಯಲ್ಲಿ ಕುಳಿತಿದ್ದುವು; ಆಲೂರು ಯಾವ ನಾಡಿನ ಅಂಚೂ ಆಗಿರಲಿಲ್ಲ, ನಾಲ್ಕು ದಿಕ್ಕಿನ ನಡುವಾಗಿತ್ತು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ವಾಚಕರಲ್ಲಿ ನಮ್ಮ ಪ್ರಾರ್ಥನೆ.

ಆಲೂರಿಗೆ ಬಡಗಣದಲ್ಲಿ ಆದವಾನಿ, ನೈರುತ್ಯದಲ್ಲಿ ಹಾಲಹರವಿಯ ಮೇಲೆ ಹಾಯ್ದು ಬಳ್ಳಾರಿ, ಆಗ್ನೇಯದಲ್ಲಿ ಚಿಪ್ಪಗಿರಿಯ ಕಡೆಯಿಂದ ಗುಂತಕಲ್ಲು, ಮೂಡಣದಲ್ಲಿ ಆಸ್ಪರಿಯನ್ನು ದಾಟಿ ಪತ್ತಿಕೊಂಡ, ವಾಯವ್ಯದಲ್ಲಿ ಹೊಳಗುಂದ. ನೆಲ ಬಹುಪಾಲು ಎರೆ. ಮರಳುಗಾಡಲ್ಲದಿದ್ದರೂ ಬೇಸಗೆಯಲ್ಲಿ ನೋಡಿದವರಿಗೆ ಮರಳುಗಾಡಿನ ನೆನಪಾಗದೆ ಇರದು. ವರ್ಷಕ್ಕೆ ಇಪ್ಪತ್ತೈದು ಅಂಗುಲವನ್ನು ಮುಟ್ಟುವ ಮಳೆಯೂ ಅಪೂರ್ವ. ಊರಿನ ಹೆಸರನ್ನು ಕೇಳಿದರೆ ಆಲದ ಮರ ಮನಸ್ಸಿಗೆ ಬರುವುದು. ಸುತ್ತಲೂ ಕಣ್ಣು ಹಾಯಿಸಿದರೆ ನೆರಳು ಕೊಡುವ ಮರವೇ ವಿರಳ. ಪಡುವಲಲ್ಲಿ ಬಳ್ಳಾರಿಗೂ ನಮಗೂ ನಡುವೆ ಹರಿಯುವ ಹಗರಿಯು ವರ್ಷದ ಬಹುಭಾಗ ನೀರಿನ ಹೊಳೆಯಲ್ಲ, ಉಸುಕಿನ ಹೊಳೆ. ಪಡುವಣ ಗಾಳಿಗೆ ಆ ಉಸುಕು ಎದ್ದು ದಂಡೆಯ ಹೊಲಗಳಿಗೆ ನುಗ್ಗುವುದುಂಟು. ಎರೆಯ ನೆಲವೋ ಬಿಸಿಲಿಗೆ ಆಳುದ್ದ ಬಾಯಿಬಿಡುವುದು, ಮಳೆ ಬಿದ್ದರೆ ಬಂಡಿಯ ಗಾಲಿಯನ್ನು ಗುಂಭದವರೆಗೆ ಹಿಡಿಯುವುದು. ಇಂತಹ ನೆಲದಲ್ಲಿ ದಾರಿಯೆಂದರೆ ಸಾಮಾನ್ಯ ವಸ್ತುವಲ್ಲ. ಗಟ್ಟಿನೆಲವಿರುವಲ್ಲಿ, ಕುಡಿಯಲು ಸಿಹಿನೀರಿನ ಬಾವಿಯಿರುವಲ್ಲಿ ದಾರಿ ಹಾದು ಹೋಗಬೇಕು. ಅಲ್ಲಿಯೇ ಎತ್ತುಗಳು ನಿಲ್ಲಬೇಕು. ಅಲ್ಲಿಯೇ ಸಂತೆ ಕೂಡಬೇಕು. ಎರೆಯಲ್ಲಿ ತೋಡಿದ ಬಾವಿಗಳ ನೀರು ಅನೇಕ ಕಡೆ ಸವಳು. ಆದುದರಿಂದ ನಮ್ಮ ಕಡೆ ಊರುಗಳು ಬೆಳೆದುದು ಹೊಲವನ್ನು ನೋಡಿಯಲ್ಲ, ನೀರನ್ನು ನೋಡಿ.

ಈ ಮಾತಿಗೆ ಊರ ಹೆಸರುಗಳೇ ಸಾಕ್ಷಿ. ಅರಿಕೆರೆಯಂತಹ ಕೆರೆಯ ಹೆಸರು, ನಾಗರದೊಣೆಯಂತಹ ದೊಣೆಯ ಹೆಸರು ಈ ಸೀಮೆಯಲ್ಲಿ ಹಲವು. ದೊಣೆಯೆಂದರೆ ಬಂಡೆಯ ಹೊಟ್ಟೆಯಲ್ಲಿ ಮಳೆನೀರು ನಿಲ್ಲುವ ಪೊಟರೆ. ಬರಡು ನೆಲದ ಜನ ಒಂದು ಬಂಡೆಯ ಪೊಟರೆಗೂ ಊರಿನ ಗೌರವವನ್ನು ಕೊಟ್ಟರು.

ಹೆಸರುಗಳ ವಿಷಯ ಬಂದುದರಿಂದ, ಭಾಷೆಯನ್ನು ಕಲಿಸುವ ವೃತ್ತಿಯವರಾದ ನಮಗೆ ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲುವ ಚಾಪಲ್ಯವನ್ನು ವಾಚಕರು ಕ್ಷಮಿಸಬೇಕು. ಹಳಗನ್ನಡದಲ್ಲಿ ಪಕಾರದಿಂದ ಮೊದಲಾಗುತ್ತಿದ್ದ ಅನೇಕ ಶಬ್ದಗಳು ಹತ್ತನೆಯ ಶತಮಾನದಿಂದೀಚೆಗೆ ಕ್ರಮಕ್ರಮವಾಗಿ ಹಕಾರಕ್ಕೆ ತಿರುಗಿದುವು. ಪಾಲ್ ಎಂಬುದು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ತೆಲುಗು ಈ ಮಾರ್ಪಾಟನ್ನು ಹೊಂದಲಿಲ್ಲ. ಅಲ್ಲಿ ಇಂದಿಗೂ ಪಾಲು, ಪುಲಿ, ಪಲ್ಲೆ. ಈಗ ನಮ್ಮ ಸೀಮೆಯ ಊರುಗಳನ್ನು ಒಂದೊಂದಾಗಿ ಹೇಳಿ ನೋಡಿರಿ: ಹೊಳಗುಂದ, ಹಾಲಹರವಿ, ಹೆಬ್ಬಟ, ಹುಳೇಬೀಡು, ಹತ್ತಿಬೆಳಗಲ್ಲು, ಹಾಳ್ವಿ, ಮೂಸನಹಳ್ಳಿ. ಈ ಹಕಾರಗಳು ಒಂದು ದಿನದಲ್ಲಿ ಬಂದುವಲ್ಲ. ಕನ್ನಡವು ಇಲ್ಲಿ ಶಾಸನದ ಭಾಷೆಯಾಗಿ ಬಂದು ಕಲ್ಲಿನ ಮೇಲೆ ನಿಂತುಬಿಡದೆ, ಹಳಗನ್ನಡವು ನಡುಗನ್ನಡವಾಗುವವರೆಗೂ ಒಕ್ಕಲಿಗರ, ಕುರುಬರ, ನೀರು ತರುವ ಹೆಂಗಸರ ಬಾಯಲ್ಲಿ ಬದಲಾಗುತ್ತ ಬದುಕಿತೆಂಬುದಕ್ಕೆ ಇವು ಗುರುತು. ಹಾಗೆಂದು ನಾವು ಏಕಪಕ್ಷವಾಗಿ ವಾದಿಸುವವರಲ್ಲ. ಪೆದ್ದ ಹೋತೂರು, ಚಿನ್ನ ಹೋತೂರು ಎಂಬ ಹೆಸರುಗಳನ್ನು ಗಮನಿಸಿರಿ. ಊರು ಹಕಾರದ್ದು, ಹಿರಿಯದು ಕಿರಿಯದೆಂದು ಅದನ್ನು ಬೇರ್ಪಡಿಸಿದ ನಾಲಗೆ ತೆಲುಗಿನದು. ಎರಡು ಭಾಷೆಗಳು ಒಂದೇ ಹೆಸರಿನೊಳಗೆ ಜಗಳವಾಡದೆ ಕುಳಿತಿವೆ. ಆದವಾನಿಯ ಬಳಿಯ ಪೆದ್ದತುಂಬಳದ ಕತೆಯೂ ಹೀಗೆಯೇ. ಆ ತುಂಬಳದಲ್ಲಿ ಕಲ್ಯಾಣದ ಚಾಳುಕ್ಯರ ಕಾಲದ ಕನ್ನಡ ಶಾಸನಗಳೂ ದೇವಾಲಯಗಳೂ ಉಂಟು. ೧೯೩೯ರಲ್ಲಿ ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿದ, ಮದರಾಸು ಅಧಿಪತ್ಯದ ಕನ್ನಡ ಶಾಸನಗಳ ಸಂಪುಟವನ್ನು ತಿರುವಿದರೆ ಆಗಿನ ಬಳ್ಳಾರಿ ಜಿಲ್ಲೆಯ ಹಳ್ಳಿಗಳ ಹೆಸರುಗಳು ಮೇಲಿಂದ ಮೇಲೆ ಕಾಣುವುವು.

ದಾರಿಯ ಹಳಮೆಯಾದರೋ ಚಾಳುಕ್ಯರಿಗಿಂತ ಬಹು ಹಿಂದಿನದು. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಬಳಿ ಎರ್ರಗುಡಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅಲ್ಲಿಯ ಒಂದು ಲಿಪಿಯಲ್ಲಿ ಕೆಲವು ಪಂಕ್ತಿಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗಿವೆ. ಎತ್ತು ಹೊಲವನ್ನು ಉತ್ತು ತಿರುಗುವಂತೆ! ಪತ್ತಿಕೊಂಡದ ಸೀಮೆಯ ರಾಜುಲ ಮಂಡಗಿರಿಯಲ್ಲಿಯೂ ಅಶೋಕನ ಶಾಸನವುಂಟು. ಜನರು ಓಡಾಡದ ಕಾಡಿನಲ್ಲಿ ಅರಸನು ತನ್ನ ಧರ್ಮಾಜ್ಞೆಯನ್ನು ಕೆತ್ತಿಸುವನೇ? ಕೇಳುವ ಕಿವಿಗಳು ಹಾದುಹೋಗುವಲ್ಲಿಯೇ ಕೆತ್ತಿಸುವನು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಈ ಬಯಲಿನಲ್ಲಿ ಜನಸಂಚಾರವಿದ್ದಿತೆಂದು ಊಹಿಸಲು ಇಷ್ಟು ಸಾಕು.

ವಿಜಯನಗರವು ೧೫೬೫ರಲ್ಲಿ ಪತನವಾದ ಮೇಲೆ ಆದವಾನಿ ಬಿಜಾಪುರದವರ ವಶವಾಯಿತು. ಅಲ್ಲಿಯ ಅಧಿಪತಿಯಾಗಿದ್ದ ಸಿದ್ದಿ ಮಸೂದ್ ಖಾನನ ಹೆಸರು ಆದವಾನಿಯ ಜಾಮಿಯಾ ಮಸೀದಿಯೊಡನೆಯೂ, ಸಂಪ್ರದಾಯದಂತೆ ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆಯ ಗ್ರಾಮವು ದೊರೆತ ಕಥೆಯೊಡನೆಯೂ ಸೇರಿಕೊಂಡಿದೆ. ಆ ಶತಮಾನ ಮುಗಿಯುವ ಮೊದಲೇ ಮೊಗಲರು ಬಂದರು. ಬಳಿಕ ನಿಜಾಮನ ಸೋದರ ಬಸಾಲತ್ ಜಂಗನು ಆದವಾನಿಯನ್ನೇ ತನ್ನ ನೆಲೆಯನ್ನಾಗಿ ಮಾಡಿಕೊಂಡನು. ೧೭೮೬ರಲ್ಲಿ ಟೀಪು ಸುಲ್ತಾನನು ಅದನ್ನು ಹಿಡಿದು ಕೋಟೆಯನ್ನು ಕೆಡಹಿಸಿದನು. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನೆಲ್ಲ ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಈ ಸೈನ್ಯಗಳೆಲ್ಲ ನಡೆದುದು ಈ ಬಯಲಿನ ದಾರಿಗಳಲ್ಲಿ. ದಂಡು ಬರುವ ದಾರಿಯ ಮೇಲಿನ ಊರಿನ ಪಾಡೇನೆಂಬುದನ್ನು ವಿವರಿಸಬೇಕಾಗಿಲ್ಲ.

ಆ ಅಶಾಂತಿಯ ನಡುವೆಯೇ ಆಲೂರಿನಿಂದ ಗುಂತಕಲ್ಲಿಗೆ ಹೋಗುವ ಕಡೆ ಚಿಪ್ಪಗಿರಿಯಲ್ಲಿ ಒಂದು ದೀಪ ಹತ್ತಿತು. ಮಾನ್ವಿಯ ಸೀಮೆಯ ಚೀಕಲಪರವಿಯಲ್ಲಿ ಜನಿಸಿದ ಶ್ರೀ ವಿಜಯದಾಸರು ಕಾಶೀಯಾತ್ರೆ, ತಿರುಪತಿಯ ಯಾತ್ರೆಗಳನ್ನು ಮಾಡಿ, ಊರೂರು ತಿರುಗಿ, ೧೭೫೫ರಲ್ಲಿ ಕಾರ್ತಿಕ ಶುದ್ಧ ದಶಮಿಯಂದು ದೇಹವಿಟ್ಟುದು ಇದೇ ಚಿಪ್ಪಗಿರಿಯಲ್ಲಿ. ಅವರ ಶಿಷ್ಯರು ಗೋಪಾಲದಾಸರು. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರೂ ಅದೇ ಪರಂಪರೆಯವರು. ದಾಸರ ಮಡಿಲಲ್ಲಿ ಬೆಳೆದ ಮೋಹನದಾಸರ ಹೆಸರೂ ಚಿಪ್ಪಗಿರಿಗೆ ಸೇರಿದ್ದು. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಸುಳಾದಿಗಳಿಗೆ ಇರುವ ಸ್ಥಾನವನ್ನು ಬಲ್ಲವರು, ಅವುಗಳ ಬಹುದೊಡ್ಡ ಕರ್ತೃವಿನ ಕೊನೆಯ ನೆಲೆಯು ಇಂದಿನ ಆಂಧ್ರಪ್ರದೇಶದ ಒಂದು ಮಂಡಲದಲ್ಲಿದೆಯೆಂಬುದನ್ನು ಎಷ್ಟು ಸಾರಿ ನೆನೆಯುವರೋ ಕಾಣೆವು. ದಾಸರಿಗೆ ಆಶ್ರಯ ಕೊಟ್ಟುದು ಒಂದು ಸಿಂಹಾಸನವಲ್ಲ. ಅವರು ನಡೆಯುವವರು, ಅವರಿಗೆ ಬೇಕಾದುದು ನಾಲ್ಕು ಕಡೆಯ ಜನ ಬಂದು ಹೋಗುವ ಸ್ಥಳ. ಹಾಡು ಹರಡುವುದಕ್ಕೆ ರಾಜಧಾನಿಗಿಂತ ಕೂಡುದಾರಿ ಒಳ್ಳೆಯದು. ಮಾತೃಭಾಷೆ ತೆಲುಗಾದ ಮನೆಗಳಲ್ಲಿಯೂ ದಾಸರ ಪದಗಳನ್ನು ಕನ್ನಡದಲ್ಲಿಯೇ ಹಾಡುವುದನ್ನು ನಾವು ಕೇಳಿರುವೆವು.

ಇಂಗ್ಲಿಷರ ಕಾಲದ ಮೊದಲ ದೊಡ್ಡ ಹೆಸರು ತಾಮಸ್ ಮನ್ರೋ. ೧೮೦೦ರಿಂದ ೧೮೦೭ರವರೆಗೆ ಈ ಬಿಟ್ಟುಕೊಟ್ಟ ಸೀಮೆಗಳ ಪ್ರಧಾನ ಕಲೆಕ್ಟರನಾಗಿದ್ದು, ಕುದುರೆಯ ಮೇಲೆ ಹಳ್ಳಿಹಳ್ಳಿ ತಿರುಗಿ, ರಯತವಾರಿ ಪದ್ಧತಿಯನ್ನು ನೆಲೆಗೊಳಿಸಿದವನು. ಮುಂದೆ ಮದರಾಸಿನ ಗವರ್ನರನಾಗಿ, ಊರಿಗೆ ಹಿಂದಿರುಗುವ ಮುನ್ನ ತನ್ನ ಹಳೆಯ ಸೀಮೆಯನ್ನೊಮ್ಮೆ ಕಾಣಬೇಕೆಂದು ಬಂದು, ೧೮೨೭ರ ಜುಲೈ ೬ರಂದು ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಹೋದನು. ಅವನ ನೆನಪಿಗೆ ಸರಕಾರವು ಅಲ್ಲಿ ಒಂದು ತೋಪನ್ನು ಬೆಳೆಸಿ, ಕಲ್ಲಿನ ಮೆಟ್ಟಿಲ ಬಾವಿಯನ್ನು ಕಟ್ಟಿಸಿತು. ಮದರಾಸಿನಲ್ಲಿರುವ ಅವನ ಕುದುರೆಯ ಮೇಲಿನ ಪ್ರತಿಮೆಗಿಂತ ಈ ಬಾವಿಯೇ ನಮ್ಮ ಸೀಮೆಗೆ ತಕ್ಕ ಸ್ಮಾರಕವೆಂದು ನಮಗೆ ತೋರುವುದು. ಬಿಸಿಲಿನಲ್ಲಿ ದಾರಿ ನಡೆದವನಿಗೆ ನೆರಳೂ ನೀರೂ ಸಿಕ್ಕಿದರೆ ಅದಕ್ಕಿಂತ ದೊಡ್ಡ ಶಾಸನ ಯಾವುದು?

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೂ ಸರಕು ಸಾಗುತ್ತಿದ್ದುದು ಬಹುಮಟ್ಟಿಗೆ ಹೇರೆತ್ತುಗಳ ಮೇಲೆ. ಲಂಬಾಣಿಗರು ಉಪ್ಪನ್ನು ಹೇರಿಕೊಂಡು ಬರುವರು, ಹತ್ತಿಯನ್ನೂ ಕಾಳನ್ನೂ ಹೇರಿಕೊಂಡು ಹೋಗುವರು. ಆ ಬಳಿಕ ಬಂದುದು ರೈಲು. ಮದರಾಸಿನಿಂದ ಗುತ್ತಿ, ಗುಂತಕಲ್ಲು, ಆದವಾನಿಗಳ ಮೇಲೆ ರಾಯಚೂರಿಗೆ ಹೋಗುವ ಹಳಿಯು ೧೮೭೧ರಲ್ಲಿ ಪೂರ್ತಿಯಾಗಿ, ಬೊಂಬಾಯಿಯ ಕಡೆಯ ಹಳಿಯನ್ನು ಕೂಡಿತು. ಅದು ಮೊಳಗವಳ್ಳಿ, ಆಸ್ಪರಿಗಳ ಮೇಲೆ ಸಾಗಿತು. ಆಲೂರನ್ನು ಪಡುವಲಿಗೆ ಬಿಟ್ಟಿತು. ನಾಲ್ಕು ದಾರಿಗಳ ಊರಿಗೆ ಐದನೆಯ ದಾರಿ ಬರಲಿಲ್ಲ. ಹತ್ತಿಯ ವ್ಯಾಪಾರವೆಲ್ಲ ಆದವಾನಿಗೆ ಸರಿದು, ಅಲ್ಲಿ ಗಿರಣಿಗಳೆದ್ದು, ಎರಡನೆಯ ಬೊಂಬಾಯಿಯೆಂಬ ಹೆಸರೂ ಅದಕ್ಕೆ ಬಂದಿತು. ಆಲೂರಿಗೆ ಉಳಿದುದು ಕಚೇರಿ, ಸಂತೆ, ಬಂಡಿಗಳ ತಂಗುದಾಣ.

ರೈಲು ಬಂದ ಐದು ವರ್ಷಕ್ಕೆ ಬರ ಬಂದಿತು. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರದಲ್ಲಿಯೂ ಬಿಡದ ೧೮೭೬-೭೮ರ ಬರವದು. ಅನಂತಪುರದ ಸೀಮೆಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ೧೮೭೧ರ ಗಣತಿಗೆ ಹದಿನಾರು ಲಕ್ಷ ಅರುವತ್ತೆಂಟು ಸಾವಿರದಷ್ಟಿದ್ದ ಜನ, ೧೮೮೧ರ ಗಣತಿಗೆ ಹದಿಮೂರು ಲಕ್ಷ ಮೂವತ್ತೇಳು ಸಾವಿರದಷ್ಟಾದರು, ಐವರಲ್ಲೊಬ್ಬರು ಇಲ್ಲವಾದರು. ರೈಲಿನಲ್ಲಿ ಧಾನ್ಯ ಬಂದಿಳಿದರೂ, ನಿಲ್ದಾಣದಿಂದ ಒಳನಾಡಿಗೆ ಸಾಗಿಸುವ ಎತ್ತುಗಳೇ ಮೇವಿಲ್ಲದೆ ಸತ್ತಿದ್ದುವು. ದಾರಿಯಿದ್ದೂ ದಾರಿಯಿಲ್ಲದ ಸ್ಥಿತಿ. ಈ ಅನುಭವದಿಂದಲೇ ಬರನಿವಾರಣೆಯ ಉದ್ದೇಶದಿಂದ ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯು ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಗುಂತಕಲ್ಲಿಗೆ ಕೂಡಿಸಿತು; ೧೮೯೦ರ ದಶಕದ ಹೊತ್ತಿಗೆ ನಂದ್ಯಾಲದ ಕಡೆಗೂ ಧರ್ಮಾವರ, ಬೆಂಗಳೂರುಗಳ ಕಡೆಗೂ ಹಳಿಗಳು ಹೊರಟುವು. ಆಲೂರಿನ ಆಗ್ನೇಯಕ್ಕೆ, ನೀರಿಲ್ಲದ ಕಲ್ಲುನೆಲದಲ್ಲಿ, ಹೊಸದೊಂದು ಕೂಡುದಾರಿ ಹುಟ್ಟಿತು.

ಆ ಗುಂತಕಲ್ಲಿನ ವಿಷಯದಲ್ಲಿ ನಮ್ಮ ಮಕ್ಕಳು ತಪ್ಪದೆ ತಿಳಿದಿರಬೇಕಾದ ಹೆಸರೊಂದುಂಟು. ಗೂಳಪಾಳ್ಯದ ಹಂಪಣ್ಣನೆಂಬವನು ನಿಲ್ದಾಣದ ಸಮೀಪದಲ್ಲಿ ರೈಲು ಗೇಟಿನ ಕಾವಲುಗಾರನಾಗಿದ್ದನು. ಗೇಟಿನ ಕಾವಲುಗಾರನೆಂದರೆ ಬಂಡಿಯ ದಾರಿಯೂ ಉಗಿಬಂಡಿಯ ದಾರಿಯೂ ಒಂದನ್ನೊಂದು ಕತ್ತರಿಸುವಲ್ಲಿ ನಿಂತವನು. ೧೮೯೩ರ ಅಕ್ಟೋಬರ್ ೪ರಂದು ರೈಲಿನಿಂದಿಳಿದ ಕೆಲವರು ಬಿಳಿಯ ಸೈನಿಕರು ದಾರಿಯಲ್ಲಿ ಇಬ್ಬರು ಹೆಂಗಸರನ್ನು ಬೆನ್ನಟ್ಟಿದರು. ಅವರು ಗೇಟಿನ ಮನೆಯನ್ನು ಮರೆಹೊಕ್ಕರು. ಹಂಪಣ್ಣನು ಅಡ್ಡ ನಿಂತನು. ಸೈನಿಕನೊಬ್ಬನು ಗುಂಡು ಹೊಡೆದನು. ಮರುದಿನ ಹಂಪಣ್ಣನು ಅಸುನೀಗಿದನು. ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ವಿಚಾರಣೆ ನಡೆದು ಆರೋಪಿಯು ಬಿಡುಗಡೆ ಹೊಂದಿದನು. ಗುತ್ತಿಯ ವಕೀಲರಾದ ಪಿ. ಕೇಶವ ಪಿಳ್ಳೆಯವರು ಹಿಂದೂ ಪತ್ರಿಕೆಯ ಮೂಲಕ ಈ ಅನ್ಯಾಯವನ್ನು ದೇಶಕ್ಕೆಲ್ಲ ಸಾರಿದರು. ಯುರೋಪಿಯನರೂ ಭಾರತೀಯರೂ ಕೂಡಿ ಹಣವೆತ್ತಿ ಕಟ್ಟಿಸಿದ ಸಮಾಧಿಯು ಗುಂತಕಲ್ಲಿನಲ್ಲಿದೆ. ಹಂಪಣ್ಣನ ಹೆಸರು ಹಂಪೆಯ ದೇವರಿಂದ ಬಂದುದು. ಈ ಸೀಮೆಯಲ್ಲಿ ಆ ಹೆಸರನ್ನು ಕನ್ನಡಿಗರೂ ಇಡುವರು, ತೆಲುಗರೂ ಇಡುವರು. ಅವನ ಮನೆಮಾತು ಯಾವುದೆಂದು ಆ ಹೆಂಗಸರು ಕೇಳಿರಲಾರರು.

ಇಂತಹ ಇಬ್ಬಾಯಿಯ ಬಾಳಿಗೆ ಬಳ್ಳಾರಿಯೇ ದೊಡ್ಡ ನಿದರ್ಶನವಾಗಿತ್ತು. ಬಳ್ಳಾರಿ ರಾಘವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ರಂಗವನ್ನೇರಿದವರು. ಆದರೆ ಭಾಷಾವಾರು ಪ್ರಾಂತಗಳ ಚಳವಳಿ ಬಲಿತಂತೆ ಇಂತಹ ಊರುಗಳೇ ಕಗ್ಗಂಟುಗಳಾದುವು. ೧೯೫೨ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಲ್ಲಿ ಪ್ರಾಣಬಿಟ್ಟ ಮೇಲೆ ಆಂಧ್ರ ರಾಜ್ಯದ ರಚನೆ ನಿಶ್ಚಯವಾಯಿತು. ನ್ಯಾಯಮೂರ್ತಿ ವಾಂಛೂ ಅವರ ವರದಿಯು ೧೯೫೩ರ ಆದಿಯಲ್ಲಿ ಬಂದಿತು. ಬಳ್ಳಾರಿ ತಾಲ್ಲೂಕಿನ ವಿವಾದವು ಉಳಿಯಲಾಗಿ ಅದಕ್ಕೆಂದೇ ನ್ಯಾಯಮೂರ್ತಿ ಎಲ್. ಎಸ್. ಮಿಶ್ರರನ್ನು ನೇಮಿಸಿದರು, ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೂ ರಾಯದುರ್ಗವು ಅನಂತಪುರಕ್ಕೂ ಹೋದುವು.

ಇಲ್ಲಿ ನಮಗೆ ತೋರುವ ಒಂದು ಮಾತನ್ನು ಯಾರ ಮೇಲೂ ದೋಷವನ್ನು ಹೊರಿಸದೆ ಹೇಳುತ್ತೇವೆ. ಆಗ ತಾಲ್ಲೂಕನ್ನು ಇಡಿಯಾಗಿ ಒಂದು ಘಟಕವೆಂದು ಎಣಿಸಿದರು. ಕೆಲವೇ ವರ್ಷಗಳ ತರುವಾಯ ಆಂಧ್ರಪ್ರದೇಶ ಮತ್ತು ಮದರಾಸುಗಳ ನಡುವಣ ಗಡಿಯನ್ನು ಪಾಟಸ್ಕರ್ ಅವರು ತೀರ್ಮಾನಿಸಿದಾಗ ಹಳ್ಳಿಯನ್ನೇ ಘಟಕವಾಗಿ ಹಿಡಿದರು. ಅದು ೧೯೬೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದೇ ಅಳತೆಗೋಲು ಇಲ್ಲಿಯೂ ಇದ್ದಿದ್ದರೆ ಹಗರಿಯ ಈಚೆಯ ಕೆಲವು ಹಳ್ಳಿಗಳ ಪಾಡು ಬೇರೆಯಾಗುತ್ತಿತ್ತೋ ಏನೋ. ಆದರೆ ಹಳ್ಳಿಹಳ್ಳಿಯಾಗಿ ಎಣಿಸಿದರೂ ಕೂಡುದಾರಿಯ ಊರನ್ನು ಯಾವ ಗೆರೆ ನ್ಯಾಯವಾಗಿ ಸೀಳಬಲ್ಲುದು? ಆಲೂರಿನಂತಹ ಊರು ಎಲ್ಲಿಗೆ ಸೇರಿದ್ದರೂ ಅದರ ಒಂದು ಕೈ ಗೆರೆಯ ಆಚೆಗೆ ಉಳಿಯುತ್ತಿದ್ದಿತು.

ಗೆರೆಯಿಂದಾದ ಮೊದಲ ಮಾರ್ಪಾಟು ದೂರದ್ದು. ಸುಮಾರು ೩೦ ಮೈಲಿಯ ಬಳ್ಳಾರಿಯಲ್ಲಿದ್ದ ಜಿಲ್ಲಾ ಕಚೇರಿಯು ೬೦ ಮೈಲಿಗೂ ಮಿಕ್ಕಿದ ಕರ್ನೂಲಿಗೆ ಹೋಯಿತು. ದಾವೆಗೂ ಅರ್ಜಿಗೂ ಮೂಡಣ ದಾರಿ. ಮದುವೆಗೂ ಸಂತೆಗೂ ರೋಗಕ್ಕೂ ಪಡುವಣ ದಾರಿ. ೧೯೬೧ರಲ್ಲಿ ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಬಳಿಕ ಬೇನೆ ಬಿದ್ದವರನ್ನು ಅಲ್ಲಿಗೊಯ್ಯುವುದು ಮತ್ತೂ ಬಲವಾಯಿತು. ತುಂಗಭದ್ರೆಯ ನೀರು ಮಾತ್ರ ಎರಡು ಕಡೆಗೂ ಹರಿಯಿತು. ಹೊಸಪೇಟೆಯ ಅಣೆಕಟ್ಟಿನ ಕೆಳಮಟ್ಟದ ಕಾಲುವೆಯು ಸಿರುಗುಪ್ಪೆಯ ಸೀಮೆಯನ್ನು ದಾಟಿ ಹೊಳಗುಂದ, ಕೌತಾಳಗಳ ಕಡೆ ಬಂದಿದೆ. ಮೇಲ್ಮಟ್ಟದ ಕಾಲುವೆಯ ಒಂದು ಶಾಖೆಗೆ ಆಲೂರಿನ ಹೆಸರೇ ಇದೆ. ಕಾಲುವೆಯ ತುದಿಯ ರೈತನಿಗೆ ನೀರೆಷ್ಟು ಮುಟ್ಟುವುದೆಂಬುದನ್ನು ತುದಿಯ ರೈತನೇ ಹೇಳಬೇಕು.

ಎರಡನೆಯ ಮಾರ್ಪಾಟು ಶಾಲ��ಯದು. ೧೯೫೬ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ಸೇರಿದ ೩೫೦-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರಕಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳಿತು. ಅದರ ಆಧಾರದ ಮೇಲೆಯೇ ಹೊಳಗುಂದ, ಹಾಲಹರವಿ, ಕೌತಾಳ, ಆದವಾನಿಗಳ ಕಡೆ ಕನ್ನಡ ಮಾಧ್ಯಮದ ಶಾಲೆಗಳು ಉಳಿದು ಬಂದಿವೆ. ೧೯೮೫ರಲ್ಲಿ ತಾಲ್ಲೂಕುಗಳನ್ನು ಮಂಡಲಗಳಾಗಿ ಒಡೆದಾಗಲೂ, ೨೦೨೨ರಲ್ಲಿ ನಂದ್ಯಾಲವು ಬೇರೆ ಜಿಲ್ಲೆಯಾದಾಗಲೂ ಅವು ನಿಂತುವು. ಶಾಲೆಗೆ ನಿಜವಾದ ಅಪಾಯ ಇರುವುದು ಆಜ್ಞೆಗಳಲ್ಲಿ ಮಾತ್ರವಲ್ಲ. ಸುಗ್ಗಿಯ ಹೊತ್ತಿಗೆ, ಮಳೆ ಕೈಕೊಟ್ಟ ವರ್ಷದಲ್ಲಂತೂ, ಮನೆಗೆ ಬೀಗ ಹಾಕಿ ಗುಂಟೂರಿನ ಸೀಮೆಗೆ ಮೆಣಸಿನಕಾಯಿ ಬಿಡಿಸಲೂ ಹತ್ತಿ ಬಿಡಿಸಲೂ ಹೋಗುವ ಸಂಸಾರಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಮಕ್ಕಳೂ ಜೊತೆಗೆ ಹೋಗುವರು. ತಿಂಗಳುಗಳ ಮೇಲೆ ಹಿಂದಿರುಗಿದ ಮಗುವಿಗೆ ಕಾಗುಣಿತ ಮರೆತಿರುವುದು. ಹಾಜರಿ ಇಳಿದರೆ ಉಪಾಧ್ಯಾಯರ ಹುದ್ದೆ ಇಳಿಯುವುದು; ಹುದ್ದೆ ಇಳಿದರೆ ತರಗತಿ ಮುಚ್ಚುವುದು. ಧಾತು ಸಂವತ್ಸರದಲ್ಲಿ ಜನರನ್ನು ಹೊರದೂಡಿದ ದಾರಿಯೂ ಇದೇ, ಇಂದು ಹೊರಗೊಯ್ಯುವ ದಾರಿಯೂ ಇದೇ. ಹಗರಿಯಿಂದ ಹೊರಟು ಆಲೂರು, ಆದವಾನಿ, ರಾಯಚೂರುಗಳ ಮೇಲೆ ತೆಲಂಗಾಣಕ್ಕೆ ಸಾಗುವ ಅದಕ್ಕೆ ಈಗ ೧೬೭ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರು. ಒಂದೇ ರಸ್ತೆಗೆ ಮೂರು ರಾಜ್ಯಗಳು.

ಕೊನೆಯದಾಗಿ ವಾಚಕರಲ್ಲಿ ಒಂದು ಅರಿಕೆ. ಅರಸರ ದಾಖಲೆಗಳನ್ನು ಕಲ್ಲು ಕಾಪಾಡಿದೆ. ಕೂಡುದಾರಿಯ ಜನರ ದಾಖಲೆಗಳು ಮನೆಯ ಅಟ್ಟದ ಮೇಲಿವೆ. ೧೯೫೩ಕ್ಕೆ ಹಿಂದಿನ ಕ್ರಯಪತ್ರಗಳು, ಭೋಗ್ಯಪತ್ರಗಳು, ಹತ್ತಿ ಮಂಡಿಯ ಲೆಕ್ಕದ ಪುಸ್ತಕಗಳು, ಲಗ್ನಪತ್ರಿಕೆಗಳು, ದಾಸರ ಪದಗಳ ಕೈಬರಹದ ಹೊತ್ತಗೆಗಳು ನಿಮ್ಮ ಮನೆಯಲ್ಲಿರಬಹುದು. ಕನ್ನಡದಲ್ಲಿದ್ದರೂ ಸರಿ, ತೆಲುಗಿನಲ್ಲಿದ್ದರೂ ಸರಿ, ಮೋಡಿಯಲ್ಲಿದ್ದರೂ ಸರಿ, ಅವನ್ನು ಗೆದ್ದಲಿಗೆ ಬಿಡಬಾರದು. ಸಂಘಕ್ಕೆ ತಂದು ತೋರಿಸಿದಲ್ಲಿ ಪ್ರತಿಯೊಂದರ ನಕಲನ್ನು ತೆಗೆದು, ಮೂಲವನ್ನು ಅದೇ ದಿನ ತಂದವರ ಕೈಗೆ ಒಪ್ಪಿಸುವೆವು. ಓದಲು ಬಾರದ ಹಳೆಯ ಅಕ್ಷರಗಳಿದ್ದರೆ ಕುಳಿತು ಓದಿ ಹೇಳುವೆವು.